ಹಳೇ ಥಿಂಕ್‌ಪ್ಯಾಡ್ ಟಿ480 ತಂದು, ಬಿಚ್ಚಿ, ಊರೂರು ತಿರುಗಿಸಿದ ಲೆಕ್ಕ

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲೆನೊವೊ ಕಂಪನಿಯ ಇಷ್ಟು ಹಳೇ ಲ್ಯಾಪ್‌ಟಾಪ್ ಯಾಕೆ ಅಂತ ಅನಿಸಬಹುದು. ನಾನು ವೇಬ್ರಿಡ್ಜ್, ಅಂದರೆ ಲಾರಿ ತೂಗುವ ಕಟ್ಟೆಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವವನು. ಲಾರಿ ಬಂದು ನಿಲ್ಲುತ್ತದೆ, ಇಂಡಿಕೇಟರ್‌ನಿಂದ ತೂಕದ ಅಂಕಿ ಬರುತ್ತದೆ, ಅದನ್ನು ಓದಿ ಚೀಟಿ ಪ್ರಿಂಟ್ ಮಾಡಿ ಸರ್ವರ್‌ಗೆ ಕಳಿಸಬೇಕು. ಗಂಗಾವತಿ, ಸಿಂಧನೂರು ಕಡೆ ಅಕ್ಕಿ ಗಿರಣಿಗಳು, ಮುಧೋಳ, ಗೋಕಾಕ ಸುತ್ತ ಸಕ್ಕರೆ ಕಾರ್ಖಾನೆಗಳು. ಕಬ್ಬು ಅರೆಯುವ ಹಂಗಾಮು ಶುರುವಾದರೆ ಮನೆಯಲ್ಲಿ ಇರುವುದಕ್ಕಿಂತ ರೈಲಿನಲ್ಲಿ ಇರುವುದೇ ಜಾಸ್ತಿ.

ಹೋದ ಕಡೆ ಮೇಜು ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಕರೆಂಟ್ ಇರುತ್ತದೆ ಅಂತಲೂ ಇಲ್ಲ. ಗಿರಣಿಯಲ್ಲಿ ಉಮಿ, ತೌಡಿನ ಪುಡಿ, ಕಾರ್ಖಾನೆಯಲ್ಲಿ ಒಣಗಿದ ಕಬ್ಬಿನ ಸಿಪ್ಪೆಯ ನಾರು, ಇವೆಲ್ಲ ಗಾಳಿಯಲ್ಲೇ ತೇಲುತ್ತಿರುತ್ತವೆ. ಲ್ಯಾಪ್‌ಟಾಪ್ ಫ್ಯಾನ್ ಅದನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಹಿಂದಿನ ಲ್ಯಾಪ್‌ಟಾಪ್ ತೆಳ್ಳಗೆ, ಹಗುರವಾಗಿ, ನೋಡಲು ಚೆನ್ನಾಗಿತ್ತು. ಯಾವ ಕಂಪನಿ ಅನ್ನೋದು ಬೇಡ. ರ‍್ಯಾಮ್ ಬೋರ್ಡಿಗೇ ಬೆಸುಗೆ, ಬ್ಯಾಟರಿ ಅಂಟು ಹಾಕಿ ಕೂರಿಸಿದ್ದು, ಲ್ಯಾನ್ ಪೋರ್ಟ್ ಇಲ್ಲ. ಬ್ಯಾಟರಿ ಉಬ್ಬಿದಾಗ ಜಿಲ್ಲಾ ಕೇಂದ್ರದಲ್ಲೂ ಅದಕ್ಕೆ ಬದಲಿ ಸಿಗಲಿಲ್ಲ, ಬೆಂಗಳೂರಿಗೆ ವಾಪಸ್ ಬರಬೇಕಾಯಿತು. ಆಗಲೇ ತೀರ್ಮಾನ ಮಾಡಿದ್ದು: ಮುಂದಿನದು ಸ್ಕ್ರೂಡ್ರೈವರ್ ಹಿಡಿದು ನಾನೇ ಬಿಚ್ಚುವಂಥದ್ದಾಗಿರಬೇಕು, ಅದರ ಬಿಡಿಭಾಗ ಹಳೇ ಸಾಮಾನಿನ ಅಂಗಡಿಯಲ್ಲೂ ಸಿಗಬೇಕು.

ಮಿಲಿಟರಿ ಸ್ಟಿಕ್ಕರ್ ಬಗ್ಗೆ ಸ್ವಲ್ಪ

ಗಟ್ಟಿ ಲ್ಯಾಪ್‌ಟಾಪ್ ಹುಡುಕಿದರೆ ಮೊದಲು ಕಾಣುವುದು "ಮಿಲಿಟರಿ ಗ್ರೇಡ್" ಅನ್ನುವ ಮಾತು. ಇದರ ಹಿಂದೆ ಇರುವುದು ಅಮೆರಿಕದ ರಕ್ಷಣಾ ಇಲಾಖೆಯ ಮಿಲ್-ಎಸ್‌ಟಿಡಿ-810 ಅನ್ನುವ ದಾಖಲೆ. ಮೊದಲು ಬಂದದ್ದು 1962ರಲ್ಲಿ, 2008ರಲ್ಲಿ ಜಿ ಆವೃತ್ತಿ, 2019ರಲ್ಲಿ ಎಚ್. ಎತ್ತರ, ಶಾಖ, ಚಳಿ, ತೇವ, ಮರಳು-ಧೂಳು, ನಡುಕ, ಏಟು, ಬೂಸು ಹಿಡಿಯುವುದು, ಹೀಗೆ ಒಂದೊಂದಕ್ಕೂ ಪರೀಕ್ಷೆ ಮಾಡುವ ವಿಧಾನ ಅದರಲ್ಲಿದೆ. ಆದರೆ ಪಾಸಾಗಿದೆ ಅಂತ ಸರ್ಟಿಫಿಕೇಟ್ ಕೊಡಲು ಆ ಇಲಾಖೆಯ ಆಫೀಸು ಯಾವುದೂ ಇಲ್ಲ. ಯಾವ ಪರೀಕ್ಷೆ, ಎಷ್ಟು ಕಠಿಣವಾಗಿ, ಇದೆಲ್ಲ ತಯಾರಕರೇ ಆರಿಸಿಕೊಳ್ಳುತ್ತಾರೆ. ಎತ್ತಿ ಬೀಳಿಸುವ ಪರೀಕ್ಷೆಯನ್ನೇ ನೋಡಿ. ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ, ಒಟ್ಟು 26 ಸಲ ಬೀಳಿಸಬೇಕು. ಕೇಳೋಕೆ ಭಯಂಕರ. ಆದರೆ ಆ 26 ಏಟನ್ನು ಐದು ಪೀಸ್‌ಗಳ ನಡುವೆ ಹಂಚಿಕೊಳ್ಳಬಹುದು ಅಂತ ಅದರಲ್ಲೇ ಬರೆದಿದೆ!

ಇನ್ನೊಂದು ತಮಾಷೆ. ಇದೇ ಟಿ480ನ ಬಳಕೆದಾರರ ಕೈಪಿಡಿ ತೆರೆದರೆ, 5ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಅಂತ ಇದೆ. ರಾಯಚೂರಿನ ಮೇ ತಿಂಗಳು 40 ದಾಟುತ್ತದೆ. ಹಾಗಾಗಿ ಸ್ಟಿಕ್ಕರ್ ನೋಡಿ ತಗೊಳ್ಳಬೇಡಿ. ಸುಳ್ಳು ಅಂತಲ್ಲ, ನನ್ನ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ ಅಷ್ಟೇ. ಕೆಟ್ಟಾಗ ಏನು ಮಾಡೋದು ಅನ್ನುವುದು ನನ್ನ ಪ್ರಶ್ನೆ.

ಟಿ480ನೇ ಯಾಕೆ

2018ರ ಮಾದರಿ. 14 ಇಂಚು. ಇಂಟೆಲ್‌ನ ಎಂಟನೇ ತಲೆಮಾರಿನ ನಾಲ್ಕು ಕೋರ್ ಪ್ರೊಸೆಸರ್, ನಾನು ತಂದದ್ದು ಐ5-8350ಯು ಇರುವುದು. ಈ ಎಂಟನೇ ತಲೆಮಾರು ಅನ್ನುವುದು ಮುಖ್ಯ, ಯಾಕೆಂದರೆ ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದು ಹೆಚ್ಚುಕಡಿಮೆ ಇಲ್ಲಿಂದಲೇ. ಒಂದು ಮೆಟ್ಟಿಲು ಕೆಳಗಿನ ಟಿ470 ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಅಧಿಕೃತವಾಗಿ ವಿಂಡೋಸ್ 10ರಲ್ಲೇ ನಿಲ್ಲುತ್ತದೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹಾಕುವವರಿಗೆ ಅದು ತೊಂದರೆಯಲ್ಲ. ನನ್ನ ಗಿರಾಕಿಗಳದೆಲ್ಲ ವಿಂಡೋಸ್.

ಬಲಗಡೆ ಲ್ಯಾನ್ ಪೋರ್ಟ್, ಎಚ್‌ಡಿಎಂಐ, ಎರಡು ಹಳೇ ನಮೂನೆ ಯುಎಸ್‌ಬಿ, ಎಸ್‌ಡಿ ಕಾರ್ಡ್. ಎಡಗಡೆ ಎರಡು ಟೈಪ್-ಸಿ. ತೂಕದ ಇಂಡಿಕೇಟರ್‌ಗಳು ಇವತ್ತಿಗೂ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್‌ನಲ್ಲೇ ಮಾತಾಡುತ್ತವೆ, ಅದಕ್ಕೆ ಯುಎಸ್‌ಬಿ ಕನ್ವರ್ಟರ್ ಬೇಕು. ಲ್ಯಾನ್‌ಗೆ ಒಂದು ಡಾಂಗಲ್, ಕನ್ವರ್ಟರ್‌ಗೆ ಇನ್ನೊಂದು ಹಬ್ ಅಂತ ನೇತು ಹಾಕಿಕೊಂಡು ಲಾರಿ ಡ್ರೈವರ್‌ಗಳ ಗಲಾಟೆ ನಡುವೆ ನಿಂತು ಕೆಲಸ ಮಾಡಿ ನೋಡಿ, ಆಗ ಈ ಪೋರ್ಟ್‌ಗಳ ಬೆಲೆ ಗೊತ್ತಾಗುತ್ತದೆ.

ಇನ್ನು ಬ್ಯಾಟರಿ. ಒಳಗೆ 24 ವ್ಯಾಟ್-ಅವರ್‌ನ ಒಂದು, ಹಿಂದೆ ಕೈಯಿಂದಲೇ ತೆಗೆದು ಹಾಕಬಹುದಾದ ಇನ್ನೊಂದು. ಹಿಂದಿನದು 24, 48, 72 ಅಂತ ಮೂರು ಅಳತೆಯಲ್ಲಿ ಬರುತ್ತದೆ, ಟಿ470, ಟಿ570, ಟಿ580ಗೂ ಇದೇ ಆಗುತ್ತದೆ. ಒಳಗಿನದು ಇರುವುದರಿಂದ ಲ್ಯಾಪ್‌ಟಾಪ್ ಆಫ್ ಮಾಡದೆ ಹಿಂದಿನದನ್ನು ಬದಲಿಸಬಹುದು.

ಎಸ್‌ಪಿ ರೋಡಿನಲ್ಲಿ

ಕೊಂಡದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ಟೌನ್ ಹಾಲ್ ಕಡೆಯಿಂದ ನಡೆದು ಹೋದರೆ ಒಳ್ಳೆಯದು, ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಟಿ480 ಹದಿನೈದರಿಂದ ಇಪ್ಪತ್ತು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ರ‍್ಯಾಮ್, ಎಸ್‌ಎಸ್‌ಡಿ, ಸ್ಕ್ರೀನ್ ನೋಡಿ ರೇಟು. ಇವೆಲ್ಲ ದೊಡ್ಡ ಕಂಪನಿಗಳು ಬಳಸಿ ಬಿಟ್ಟವು, ಕೆಲವು ಹೊರದೇಶದಿಂದ ಲಾಟ್‌ನಲ್ಲಿ ಬಂದವು. ಎಂಟರ್ ಕೀ ಎಲ್ ಆಕಾರದಲ್ಲಿದ್ದರೆ ಯುರೋಪಿನ ಮಾಲು ಅಂತ ತಿಳ್ಕೊಳ್ಳಿ, ಕೀಬೋರ್ಡ್ ಅಕ್ಷರಗಳು ಅಲ್ಲಿಲ್ಲಿ ಬೇರೆ ಇರುತ್ತವೆ.

ಹೊರಗಿನ ಗೀರು ನಾನು ನೋಡಲೇ ಇಲ್ಲ. ನೇರ ಎಫ್1 ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಬರುವ, ಬೋರ್ಡಿನದೇ ಸೆಟ್ಟಿಂಗ್ ಪುಟಕ್ಕೆ) ಹೋದೆ. ಅಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಆ ಪೀಸ್ ಕೆಳಗಿಟ್ಟುಬಿಡಿ. ಅಂಗಡಿಯವರು "ಸರ್, ಅದೆಲ್ಲ ಬ್ಯಾಟರಿ ತೆಗೆದ್ರೆ ಹೋಗುತ್ತೆ" ಅನ್ನಬಹುದು. ಹೋಗುವುದಿಲ್ಲ. ಥಿಂಕ್‌ಪ್ಯಾಡ್‌ನಲ್ಲಿ ಅದು ಬೋರ್ಡಿನ ಚಿಪ್‌ನಲ್ಲಿ ಕೂತಿರುತ್ತದೆ, ತಯಾರಕರೂ ಬೋರ್ಡ್ ಬದಲಿಸಿ ಅಂತಲೇ ಹೇಳುತ್ತಾರೆ. ಹಾಗೇ ಸೆಕ್ಯೂರಿಟಿ ಪುಟದಲ್ಲಿ ಅಬ್ಸೊಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಆನ್ ಆಗಿದೆಯಾ ಅಂತ ನೋಡಿ. ಆನ್ ಇದ್ದರೆ ಹಳೇ ಕಂಪನಿ ದೂರದಿಂದಲೇ ಅದನ್ನು ಲಾಕ್ ಮಾಡಬಹುದು.

ಇದಕ್ಕಿಂತ ಕಣ್ಣಿಗೆ ಕಾಣದ ತೊಂದರೆ ಆಟೋಪೈಲಟ್, ಅಂದರೆ ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್‌ನಲ್ಲಿ ತಮ್ಮ ಹೆಸರಿಗೆ ನೋಂದಾಯಿಸಿಡುವ ವ್ಯವಸ್ಥೆ. ವಿಂಡೋಸ್ ಹೊಸದಾಗಿ ಹಾಕಿ, ಸೆಟಪ್ ಮಾಡುವಾಗ ಇಂಟರ್‌ನೆಟ್ ಸಿಕ್ಕ ಕೂಡಲೇ "ಇಂಥ ಕಂಪನಿಗೆ ಸ್ವಾಗತ, ಆಫೀಸ್ ಮೇಲ್ ಹಾಕಿ" ಅಂತ ಬರುತ್ತದೆ. ಅಂಗಡಿಯಲ್ಲಿ ನೆಟ್ ಇಲ್ಲದೆ ಸೆಟಪ್ ಮುಗಿಸಿ ಇಟ್ಟಿರುತ್ತಾರೆ, ನಿಮಗೆ ಗೊತ್ತಾಗುವುದು ಮುಂದೆ ಯಾವತ್ತೋ ರೀಸೆಟ್ ಮಾಡಿದಾಗ. ಅದಕ್ಕೆ ಅಲ್ಲೇ ಕೂತು, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ರೀಸೆಟ್ ಮಾಡಿಸಿದೆ. ಅಂಗಡಿಯ ಹುಡುಗನಿಗೆ ಬೇಜಾರಾಯಿತು. ಆಗಲಿ ಬಿಡಿ.

ಮತ್ತೆ ಚಾರ್ಜರ್ ಎರಡೂ ಟೈಪ್-ಸಿಗೆ ಹಾಕಿ ನೋಡಿದೆ, ಹಿಂದಿನ ಬ್ಯಾಟರಿ ಎಳೆದು ಒಳಗಿನದರಲ್ಲೇ ನಿಲ್ಲುತ್ತದಾ ಅಂತ ನೋಡಿದೆ, ತಳದ ಸೀರಿಯಲ್ ನಂಬರೂ ಬಯೋಸ್‌ನಲ್ಲಿರುವುದೂ ಒಂದೇನಾ ಅಂತ ತಾಳೆ ಹಾಕಿದೆ. ಮಾದರಿ ಸಂಖ್ಯೆ 20ಎಲ್5 ಅಥವಾ 20ಎಲ್6 ಅಂತ ಶುರುವಾಗಬೇಕು. ಸ್ಕ್ರೀನ್ 1366×768ರದಾಗಿದ್ದರೆ ಬೇಡ ಅನ್ನಿ, ಇಲ್ಲವೇ ರೇಟು ಚೆನ್ನಾಗಿ ಇಳಿಸಿ.

ಬಿಚ್ಚಿದ್ದು

ಮನೆಗೆ ತಂದು ಮೊದಲು ಮಾಡಿದ್ದು ಫರ್ಮ್‌ವೇರ್ (ಚಿಪ್‌ಗಳ ಒಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್, ಸ್ಕ್ರೂಡ್ರೈವರ್ ಆಮೇಲೆ. ಟಿ480 ಕಾಲದ ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ (ಎರಡು ಟೈಪ್-ಸಿಗಳಲ್ಲಿ ಒಂದರಲ್ಲಿರುವ ಅತಿ ವೇಗದ ಸಂಪರ್ಕ) ಫರ್ಮ್‌ವೇರ್‌ನದ್ದೊಂದು ಪ್ರಸಿದ್ಧ ದೋಷ ಇದೆ. ಹಳೇ ಫರ್ಮ್‌ವೇರ್ ತನ್ನ ಪುಟ್ಟ ಫ್ಲ್ಯಾಶ್ ಚಿಪ್‌ಗೆ ಪದೇ ಪದೇ ಏನೋ ಬರೆಯುತ್ತಾ ಹೋಗಿ ಕೊನೆಗೆ ಅದನ್ನು ಕೆಡಿಸುತ್ತದೆ, ಟೈಪ್-ಸಿ ಪೋರ್ಟ್ ಒದ್ದಾಡಲು ಶುರು ಮಾಡುತ್ತದೆ. ಟಿ480ನಲ್ಲಿ ಚಾರ್ಜ್ ಆಗುವುದೇ ಟೈಪ್-ಸಿಯಿಂದ, ಟಿ470ನಲ್ಲಿ ಇದ್ದ ಚೌಕದ ಪಿನ್ ಇದರಲ್ಲಿಲ್ಲ. ತಯಾರಕರು 2019ರಲ್ಲೇ ಸರಿಪಡಿಸಿದ ಆವೃತ್ತಿ ಬಿಟ್ಟಿದ್ದಾರೆ. ಪೋರ್ಟ್ ಇನ್ನೂ ನೆಟ್ಟಗಿರುವಾಗಲೇ ಹಾಕಿಬಿಡಬೇಕು. ಕೆಟ್ಟ ಮೇಲೆ ಪ್ರೋಗ್ರಾಮರ್ ಅನ್ನುವ ಸಾಧನದ ಕ್ಲಿಪ್ ಹಾಕಿ ಚಿಪ್‌ಗೆ ಹೊರಗಿಂದ ಬರೆಸಬೇಕಾಗುತ್ತದೆ.

ಆಮೇಲೆ ಬಯೋಸ್‌ನ ಪವರ್ ಪುಟಕ್ಕೆ ಹೋಗಿ ಒಳಗಿನ ಬ್ಯಾಟರಿಯನ್ನು ಡಿಸೇಬಲ್ ಮಾಡಿದೆ. ಇದನ್ನು ಬಿಡಬೇಡಿ. ಇಲ್ಲದಿದ್ದರೆ ಹಿಂದಿನ ಬ್ಯಾಟರಿ ತೆಗೆದರೂ ಬೋರ್ಡಿನಲ್ಲಿ ಕರೆಂಟ್ ಇರುತ್ತದೆ. ಚಾರ್ಜರ್ ಹಾಕಿದ ಕೂಡಲೇ ಅದು ತಾನಾಗಿ ವಾಪಸ್ ಆನ್ ಆಗುತ್ತದೆ.

ತಳದಲ್ಲಿ ಆರು ಸ್ಕ್ರೂ. ಎಲ್ಲ ಸಾಮಾನ್ಯ ಫಿಲಿಪ್ಸ್, ಸಡಿಲ ಮಾಡಿದರೆ ಮುಚ್ಚಳದಲ್ಲೇ ನಿಲ್ಲುತ್ತವೆ, ಹೊರಗೆ ಬಿದ್ದು ಕಳೆದುಹೋಗುವುದಿಲ್ಲ. ಈ ಒಂದು ವಿಷಯಕ್ಕೆ ವಿನ್ಯಾಸ ಮಾಡಿದವರಿಗೆ ಕೈಮುಗಿಯಬೇಕು. ಲಾಡ್ಜಿನ ಮಂಚದ ಮೇಲೆ ಕೂತು ಲ್ಯಾಪ್‌ಟಾಪ್ ಬಿಚ್ಚಿದವರಿಗೆ ಗೊತ್ತು. ಕ್ಲಿಪ್‌ಗಳು ಮಾತ್ರ ಗಟ್ಟಿ. ಲೋಹದ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿದರೆ ಅಂಚು ಮುರಿಯುತ್ತದೆ, ಹಳೇ ಎಟಿಎಂ ಕಾರ್ಡ್ ಸಾಕು. ತಳದ ಮುಚ್ಚಳ ಗ್ಲಾಸ್ ಫೈಬರ್ ಬೆರೆಸಿದ ಪ್ಲಾಸ್ಟಿಕ್, ಬಗ್ಗಿದರೂ ವಾಪಸ್ ನೆಟ್ಟಗಾಗುತ್ತದೆ.

ಒಳಗೆ ಹೀಟ್‌ಸಿಂಕ್ ರೆಕ್ಕೆಗಳ ಮುಂದೆ ಧೂಳು ಹಳೇ ದಿಂಬಿನ ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ, ಸುಮ್ನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಚ್ಚಾಗಿದೆ, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ. ಹಳೇ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಚ್ಚಿದೆ. ಮೊದಲು ಬರೀ ಬಿಲ್ಲಿಂಗ್ ಡೇಟಾಬೇಸ್ ತೆರೆದರೂ ಫ್ಯಾನ್ ಕೂಗುತ್ತಿತ್ತು. ಈಗ ವರ್ಚುವಲ್ ಮೆಷಿನ್ (ಲ್ಯಾಪ್‌ಟಾಪ್ ಒಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ಸಾಫ್ಟ್‌ವೇರ್) ಓಡಿಸಿದಾಗ ಮಾತ್ರ ಕೇಳಿಸುತ್ತದೆ.

ರ‍್ಯಾಮ್‌ಗೆ ಎರಡು ಸ್ಲಾಟ್, ಎರಡೂ ತಳದ ಮುಚ್ಚಳ ತೆಗೆದರೆ ಎದುರಿಗೇ. ಡಿಡಿಆರ್4. ಅಧಿಕೃತವಾಗಿ 32 ಜಿಬಿ ಅಂತ ಹೇಳಿದ್ದಾರೆ, 64 ಹಾಕಿ ಓಡಿಸುವವರೂ ಇದ್ದಾರೆ. ಬಂದದ್ದು 8ರ ಒಂದೇ ಕಡ್ಡಿ. ಪಕ್ಕಕ್ಕೆ 16 ಹಾಕಿದೆ. ಒಂದೇ ಕಡ್ಡಿ ಇದ್ದರೆ ಒಳಗಿನ ಗ್ರಾಫಿಕ್ಸ್ ಕೂಡ ಮಂದ, ಎರಡು ಹಾಕಿದ ಮೇಲೆ ಅದೂ ಚುರುಕಾಗುತ್ತದೆ. ವಿಂಡೋಸ್ 7ರ ಒಂದು ವರ್ಚುವಲ್ ಮೆಷಿನ್ ನನಗೆ ಬೇಕೇ ಬೇಕು, ಕೆಲವು ಗಿರಣಿಗಳ ಹಳೇ ಬಿಲ್ಲಿಂಗ್ ಅದರಲ್ಲಿ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ.

ಎಸ್‌ಎಸ್‌ಡಿ ವಿಷಯದಲ್ಲಿ ಒಂದು ಮಾತು. ಟಿ480ನಲ್ಲಿ ಎನ್‌ವಿಎಂಇ ಡ್ರೈವ್ (ವೇಗದ ನಮೂನೆಯ ಎಸ್‌ಎಸ್‌ಡಿ) ಕೂರುವುದು 2.5 ಇಂಚಿನ ಜಾಗದಲ್ಲಿ, ಒಂದು ಅಡಾಪ್ಟರ್ ತಟ್ಟೆ ಮೇಲೆ. ಆ ತಟ್ಟೆಯೂ ಕೇಬಲ್ಲೂ ನಿಮ್ಮ ಪೀಸ್‌ನಲ್ಲಿ ಇವೆಯಾ ನೋಡಿಕೊಳ್ಳಿ, ಹಳೇ ನಮೂನೆಯ ಸಾಟಾ ಡ್ರೈವ್ ಇದ್ದದ್ದಾದರೆ ಬೇರೆ ಕೊಳ್ಳಬೇಕು. ಅಲ್ಲಿಗೆ ಡೇಟಾ ಹರಿಯುವ ದಾರಿ (ಲೇನ್) ಎರಡಷ್ಟೇ ಬರುವುದರಿಂದ ದುಬಾರಿ ವೇಗದ ಡ್ರೈವ್ ಹಾಕಿದರೆ ಅರ್ಧ ದುಡ್ಡು ದಂಡ. ಮಧ್ಯಮ ದರ್ಜೆಯದು ಸಾಕು.

ಬ್ಯಾಟರಿ ಎಷ್ಟು ಉಳಿದಿದೆ ನೋಡಲು ವಿಂಡೋಸ್‌ನ ಪವರ್‌ಸಿಎಫ್‌ಜಿ ಅನ್ನುವ ಕಮಾಂಡ್‌ನಿಂದ ಬ್ಯಾಟರಿ ರಿಪೋರ್ಟ್ ತೆಗೆದೆ. ಒಳಗಿನದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿತ್ತು, ಹಿಂದಿನದು ಹೆಸರಿಗಷ್ಟೇ. ಎರಡನ್ನೂ ಬದಲಿಸಿ, ಹಿಂದಕ್ಕೆ 72ರದ್ದನ್ನು ಹಾಕಿದೆ. ಇಲ್ಲಿ ಹುಷಾರು. ಅಗ್ಗದ ನಕಲಿ ಹಾಕಿದರೆ ಥಿಂಕ್‌ಪ್ಯಾಡ್ ಆನ್ ಆಗುವಾಗಲೇ ಈ ಬ್ಯಾಟರಿ ಒಪ್ಪುವುದಿಲ್ಲ, ಚಾರ್ಜ್ ಮಾಡುವುದಿಲ್ಲ ಅಂತ ಹೇಳಿಬಿಡಬಹುದು. ಅಂಗಡಿಯಲ್ಲೇ ಹಾಕಿ, ಆನ್ ಮಾಡಿ, ಚಾರ್ಜ್ ಏರುವುದನ್ನು ನೋಡಿ ದುಡ್ಡು ಕೊಡಿ.

ಸ್ಕ್ರೀನ್

ಈ ಲ್ಯಾಪ್‌ಟಾಪಿನ ದೊಡ್ಡ ಕೊರತೆ ಇದೇ. ಬಂದ ಫುಲ್ ಎಚ್‌ಡಿ ಪ್ಯಾನೆಲ್‌ನ ಬೆಳಕು 250 ನಿಟ್ಸ್ ಅಷ್ಟೇ, ಬಣ್ಣವೂ ಸಪ್ಪೆ. ಮನೆಯೊಳಗೆ ನಡೆಯುತ್ತದೆ. ವೇಬ್ರಿಡ್ಜ್ ಕ್ಯಾಬಿನ್ನಿನ ಕಿಟಕಿ ಪಕ್ಕ ಕೂತರೆ ನನ್ನ ಮುಖವೇ ಕಾಣುತ್ತಿತ್ತು, ಅಂಕಿ ಕಾಣುತ್ತಿರಲಿಲ್ಲ.

400 ನಿಟ್ಸ್‌ನ ಫುಲ್ ಎಚ್‌ಡಿ ಪ್ಯಾನೆಲ್ ಬೇರೆ ತರಿಸಿದೆ. ಕನೆಕ್ಟರ್ 30 ಪಿನ್ನಿನದಾ ಅಂತ ಕೇಳಿ ತಗೊಳ್ಳಿ, 40 ಪಿನ್ನಿನದಾದರೆ ಕೇಬಲ್ ಕೂಡ ಬದಲಿಸಬೇಕು. ಬೆಜೆಲ್, ಅಂದರೆ ಸ್ಕ್ರೀನ್ ಸುತ್ತಲಿನ ಚೌಕಟ್ಟು, ಕ್ಲಿಪ್ ಮೇಲೆ ಕೂತಿದೆ, ಉಗುರಿನಿಂದ ಮೂಲೆಯಲ್ಲಿ ಶುರು ಮಾಡಿ ನಿಧಾನಕ್ಕೆ ಎಬ್ಬಿಸಬೇಕು, ಹಿಂಜ್ ಹತ್ತಿರ ಬಂದಾಗ ಅವಸರ ಮಾಡಬಾರದು. ಕನೆಕ್ಟರ್ ಮೇಲಿನ ಟೇಪು, ಸಣ್ಣ ಲೋಹದ ಕೊಂಡಿ ಬಿಡಿಸಿ ಹೊರಗೆಳೆದರೆ ಪ್ಯಾನೆಲ್ ಕೈಗೆ ಬರುತ್ತದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಪ್ರಯೋಜನವಾದದ್ದು ಇದೇ, ರ‍್ಯಾಮ್‌ಗಿಂತಲೂ.

ತಿರುಗಾಟದಲ್ಲಿ

ಎರಡೂ ಬ್ಯಾಟರಿ ಸೇರಿ 96 ವ್ಯಾಟ್-ಅವರ್. ಬ್ರೈಟ್‌ನೆಸ್ ಮಧ್ಯದಲ್ಲಿಟ್ಟು ಕೋಡ್ ಬರೆಯುವುದು, ರಿಮೋಟ್‌ನಲ್ಲಿ ಕೂರುವುದು, ಇಂಥ ಕೆಲಸಕ್ಕೆ ಎಂಟೊಂಬತ್ತು ವ್ಯಾಟ್ ಎಳೆಯುತ್ತದೆ. ಅಂದರೆ ಹತ್ತು ಗಂಟೆ ಆರಾಮಾಗಿ ಬರುತ್ತದೆ. ಮೊದಲು ಖಾಲಿಯಾಗುವುದು ಹಿಂದಿನದು. ಒಳಗಿನದು ಯಾವಾಗಲೂ ತುಂಬಿಕೊಂಡೇ ಬಿಸಿಯಲ್ಲಿ ಕೂತಿರುವುದು ಅದಕ್ಕೆ ಒಳ್ಳೆಯದಲ್ಲ, ಹಾಗಾಗಿ ಶೇಕಡಾ 80ಕ್ಕೆ ನಿಲ್ಲಿಸು ಅಂತ ಲೆನೊವೊದ ವ್ಯಾಂಟೇಜ್ ಆ್ಯಪ್‌ನಲ್ಲಿ ಮಿತಿ ಹಾಕಿದ್ದೇನೆ. ಲಿನಕ್ಸ್‌ನವರು ಟಿಎಲ್‌ಪಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹಾಕಬಹುದು. ದೂರ ಹೋಗುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುತ್ತೇನೆ.

ರೈಲಿನಲ್ಲಿ ಹಲವು ಬೋಗಿಗಳ ಸಾಕೆಟ್ ಮೇಲೆ 110 ವೋಲ್ಟ್ ಅಂತ ಬರೆದಿರುತ್ತದೆ. ಚಾರ್ಜರ್ ಮೇಲೆ 100–240 ಅಂತ ಇದ್ದರೆ ಚಿಂತೆಯಿಲ್ಲ. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಬೆಂಕಿ ಅಪಾಯ ಅಂತ ಚಾರ್ಜಿಂಗ್ ಪಾಯಿಂಟ್ ಆಫ್ ಮಾಡುವ ನಿಯಮ ಇದೆ, ರಾತ್ರಿ ರೈಲು ಹಿಡಿಯುವವರು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. 65 ವ್ಯಾಟ್‌ನ ಒಂದೇ ಟೈಪ್-ಸಿ ಚಾರ್ಜರ್ ಮೊಬೈಲಿಗೂ ಇದಕ್ಕೂ ಆಗುತ್ತದೆ, 45 ವ್ಯಾಟ್ ಕೂಡ ನಡೆಯುತ್ತದೆ, ನಿಧಾನ ಅಷ್ಟೇ.

ವಿಮಾನಕ್ಕೆ: ಒಂದೊಂದು ಬ್ಯಾಟರಿ 100 ವ್ಯಾಟ್-ಅವರ್ ಒಳಗಿದ್ದರೆ ಅನುಮತಿ ಕೇಳಬೇಕಿಲ್ಲ, 72ರದ್ದು ಆ ಮಿತಿಯೊಳಗೇ ಇದೆ. ಆದರೆ ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ತುದಿಯ ಪಿನ್‌ಗಳಿಗೆ ಟೇಪ್ ಹಚ್ಚಿ ಒಯ್ಯುತ್ತೇನೆ.

ತೂಕದ ವಿಷಯದಲ್ಲಿ ಸಮಾಧಾನ ಇಲ್ಲ. ಕಾಗದದ ಮೇಲೆ 1.58 ಕೆಜಿಯಿಂದ ಶುರು, ಅದು ಚಿಕ್ಕ ಬ್ಯಾಟರಿ ಹಾಕಿದಾಗಿನ ಮಾತು. 72ರದ್ದು ಹಾಕಿದರೆ ಎರಡು ಕೆಜಿ ಹತ್ತಿರ ಹೋಗುತ್ತದೆ, ಹಿಂದೆ ಗಡ್ಡೆಯಂತೆ ಉಬ್ಬಿಯೂ ಇರುತ್ತದೆ. ಒಂದು ಲಾಭ ಅಂದರೆ ಕೀಬೋರ್ಡ್ ಸ್ವಲ್ಪ ಓರೆಯಾಗಿ ತಳದಲ್ಲಿ ಗಾಳಿ ಆಡುತ್ತದೆ. ಕ್ಯಾಮೆರಾ 720ಪಿ, ಮೀಟಿಂಗ್‌ನಲ್ಲಿ ನಾನು ಮಬ್ಬಾಗಿಯೇ ಕಾಣುತ್ತೇನೆ, ಯಾರೂ ದೂರು ಕೊಟ್ಟಿಲ್ಲ. ಸ್ಪೀಕರ್ ಬಗ್ಗೆ ಮಾತಾಡದಿರುವುದೇ ಮೇಲು.

ಗಿರಣಿಯಲ್ಲಿ ಟ್ರ್ಯಾಕ್‌ಪಾಯಿಂಟ್ (ಮೌಸ್ ಬದಲು ಬಳಸುವ, ಕೀಬೋರ್ಡ್ ನಡುವಿನ ಕೆಂಪು ಗುಂಡಿ) ಬಲು ಉಪಯೋಗಕ್ಕೆ ಬಂತು. ಬೆರಳಿಗೆ ತೌಡು ಮೆತ್ತಿಕೊಂಡರೆ ಟಚ್‌ಪ್ಯಾಡ್ ಎಡವಟ್ಟು ಮಾಡುತ್ತದೆ, ಆ ಕೆಂಪು ಗುಂಡಿಗೆ ಅದರ ಪರಿವೆಯಿಲ್ಲ. ಸಿಂಧನೂರಿನ ಒಬ್ಬ ಕ್ಲರ್ಕ್ ನೋಡಿ, "ಏನ್ರೀ ಸರ, ಲ್ಯಾಪ್‌ಟಾಪಿಗಿ ಕುಂಕುಮ ಹಚ್ಚೀರಿ" ಅಂದರು. ಕೀಬೋರ್ಡ್ ಕೆಳಗೆ ನೀರು ಇಳಿದು ಹೋಗಲು ದಾರಿ ಇದೆ, ಹಾಗಂತ ಚಹಾ ಲೋಟ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ.

ನನಗೆ ಇನ್ನೂ ಭಯ ಇರುವುದು ಟೈಪ್-ಸಿ ಸಾಕೆಟ್ ಬಗ್ಗೆ. ಅದು ಬೋರ್ಡಿಗೇ ಬೆಸುಗೆ. ಯಾರಾದರೂ ವೈರ್ ಎಡವಿದರೆ ಮುಗೀತು. ಎರಡರಲ್ಲೂ ಚಾರ್ಜ್ ಆಗುವುದರಿಂದ ಒಂದು ಹೋದರೆ ಇನ್ನೊಂದು ಇರುತ್ತದೆ. ಥಂಡರ್‌ಬೋಲ್ಟ್ ಇರುವುದನ್ನು ಮುಟ್ಟದೆ ಇನ್ನೊಂದರಲ್ಲೇ ಚಾರ್ಜ್ ಮಾಡುತ್ತೇನೆ. ಮತ್ತೆ ಹಂಗಾಮಿನಲ್ಲಿ ಆಗಾಗ ತಳ ಬಿಚ್ಚಿ ಧೂಳು ಊದುತ್ತೇನೆ, ಆರು ಸ್ಕ್ರೂ ತಾನೇ.

ಟಿ490 ಇನ್ನೂ ಹೊಸದು, ತೆಳ್ಳಗಿದೆ, ಅದನ್ನೇ ತಗೊಳ್ಳಬಹುದಲ್ವಾ ಅಂತ ಕೇಳುವವರಿಗೆ: ಅದರಲ್ಲಿ ಒಂದು ರ‍್ಯಾಮ್ ಬೋರ್ಡಿಗೆ ಬೆಸುಗೆ, ಒಂದೇ ಸ್ಲಾಟ್. ಹಿಂದೆ ತೆಗೆದು ಹಾಕುವ ಬ್ಯಾಟರಿ ಇಲ್ಲ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ, ಬ್ಯಾಗ್ ಹಗುರ ಇರಬೇಕು ಅನ್ನುವವರಿಗೆ ಅದೇ ಒಳ್ಳೆಯದು. ನನಗೆ ಆಗುವುದಿಲ್ಲ. ಸದ್ಯಕ್ಕೆ ಹಳೇ ಸಾಮಾನಿನ ಅಂಗಡಿಯಲ್ಲಿ ಬೋರ್ಡ್ ಸತ್ತ ಇನ್ನೊಂದು ಟಿ480 ಹೇಳಿಟ್ಟಿದ್ದೇನೆ, ಅದರ ಕೀಬೋರ್ಡ್, ಹಿಂಜ್, ಫ್ಯಾನ್ ಮೂರೂ ಸರಿಯಿವೆಯಂತೆ. ರೇಟು ಇನ್ನೂ ಕುದುರಿಲ್ಲ.